ತಟ್ಟೆ ಇಡ್ಲಿ ಶಿವಣ್ಣನಿಗೂ ಟೀಚರಮ್ಮನಿಗೂ ಪ್ರೀತಿ ಹುಟ್ಟಿಸೋದು ಹೇಗೆ?

ಬಟವಾಡಿ ಬೋರ್ಡು (ತುಮಕೂರು)

ಕನ್ನಡದಲ್ಲಿ ಒಂದು ಆನಿಮೇಷನ್ ಫ್ಯಾಮಿಲಿ ಕಾಮಿಡಿ ಬರೀತಿದೀವಿ. ಒಟ್ಟು 10 ಎಪಿಸೋಡು, ಒಂದೊಂದು 11 ನಿಮಿಷ, ಯೂಟ್ಯೂಬಿಗೆ. ಬಟವಾಡಿಯಲ್ಲಿ ಒಂದು ಮನೆ. ಬಸ್ ಕಂಡಕ್ಟರ್ ಅಪ್ಪ, ಟೈಲರಿಂಗ್ ಮಾಡೋ ಅಮ್ಮ, ಏಳನೇ ಕ್ಲಾಸಿನ ಪುಟ್ಟಿ, ಕಿವಿ ಮಂದ ಆಗಿರೋ ಅಜ್ಜಿ. ಈ ನಾಲ್ಕು ಜನರ ಕಥೆ ಸಲೀಸಾಗಿ ಬರ್ತಿದೆ. ತೊಡಕು ಇರೋದು ಅಕ್ಕಪಕ್ಕದೋರ ಹತ್ರ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್ ಇಟ್ಟಿರೋ ಶಿವಣ್ಣ, 47 ವರ್ಷ, ಮದುವೆ ಆಗಿಲ್ಲ. ಪುಟ್ಟಿಯ ಲಲಿತಾ ಟೀಚರ್, 44, ಗಂಡ ತೀರ್ಕೊಂಡು ಮೂರು ವರ್ಷ. ಜೆರಾಕ್ಸ್ ಅಂಗಡಿ ಮಂಜ, 33, ಹೆಣ್ಣು ನೋಡಿ ನೋಡಿ ಸುಸ್ತಾಗಿರೋನು. ಈವರೆಗೆ ಮೂವರೂ ಬಂದು, ಒಂದು ನಗೆ ಉಕ್ಕಿಸಿ, ಹೋಗ್ತಾರೆ ಅಷ್ಟೆ. ಶಿವಣ್ಣನಿಗೂ ಟೀಚರಿಗೂ ನಡುವೆ ಏನೋ ಒಂದು ಬೆಳೆಸಬೇಕು ಅಂತ ಹೊರಟ್ರೆ ಡ್ರಾಫ್ಟು ಸಂಜೆ ಏಳೂವರೆ ಧಾರಾವಾಹಿ ಥರ ಆಗ್ತಿದೆ. ಇಬ್ಬರೂ ಎದುರುಬದುರು ನಿಂತು ತಮ್ಮ ತಮ್ಮ ಒಂಟಿತನದ ಬಗ್ಗೆ ಭಾಷಣ ಬಿಗೀತಾರೆ.

ಕೇಳಬೇಕಾದ್ದು ಇಷ್ಟು. 11 ನಿಮಿಷದಲ್ಲಿ ಇವರಿಗೆ ಎಷ್ಟು ಹೊತ್ತು ಕೊಡಬೇಕು? ಮಾತಿಲ್ಲದೆ, ಜಾಸ್ತಿ ಡ್ರಾಯಿಂಗೂ ಇಲ್ಲದೆ ಒಬ್ಬಂಟಿ ಅನ್ನೋದನ್ನ ತೋರಿಸೋದು ಹೇಗೆ? ಜೋಡಿ ಆದ ಮೇಲೆ ಶಿವಣ್ಣನ ಜೋಕು ಸತ್ತೋಗಲ್ವಾ? ದೊಡ್ಡ ಸೀರೀಸ್‌ಗಳಲ್ಲಿ ಇದನ್ನ ಹೇಗೆ ಸಂಭಾಳಿಸಿದಾರೆ?

ಕಾರ್ಟೂನ್ ಕಾಕ (ಚಿಂತಾಮಣಿ)

ಕೊನೇ ಪ್ರಶ್ನೆಯಿಂದ ಶುರು ಮಾಡೋಣ, ಉಳಿದ ಗಂಟುಗಳು ಅಲ್ಲೇ ಸಡಿಲ ಆಗ್ತವೆ.

ಸಿಂಪ್ಸನ್ಸ್ ತಗೊಳ್ಳಿ. ಅಪ್ಪ ಹೋಮರ್, ಅಮ್ಮ ಮಾರ್ಜ್, ಮಗ ಬಾರ್ಟ್ ಇರೋ ಮನೆಯ ಕಥೆ, 1989ರ ಡಿಸೆಂಬರಿನಿಂದ ನಡೀತಿರೋ ಅಮೆರಿಕದ ಆನಿಮೇಷನ್ ಸೀರೀಸು. ಪಕ್ಕದ ಪಾತ್ರಗಳ ಪ್ರೀತಿಯನ್ನ ಎಷ್ಟು ಚೆನ್ನಾಗಿ ಮಾಡಬಹುದು, ಎಷ್ಟು ಕೆಡಿಸಬಹುದು, ಎರಡಕ್ಕೂ ಅಲ್ಲೇ ಸರಕಿದೆ. ನಿಮ್ಮ ಲಲಿತಾ ಟೀಚರಿಗೆ ತೀರಾ ಹತ್ತಿರದ್ದು ಮೂರನೇ ಸೀಸನ್ನಿನ 'ಬಾರ್ಟ್ ದ ಲವರ್', 1992ರ ಫೆಬ್ರವರಿಯದು. ಟೀಚರ್ ಎಡ್ನಾ ಕ್ರಬಾಪಲ್ ಜೊತೆಗಾರ ಬೇಕು ಅಂತ ಜಾಹೀರಾತು ಕೊಟ್ಟಿರ್ತಾಳೆ. ಯೋಯೋ ಕಿತ್ತಿಟ್ಟುಕೊಂಡ ಸಿಟ್ಟಿಗೆ ಬಾರ್ಟ್ 'ವುಡ್ರೋ' ಅನ್ನೋ ಸುಳ್ಳು ಹೆಸರಲ್ಲಿ ಅವಳಿಗೆ ಪ್ರೇಮಪತ್ರ ಬರೀತಾನೆ, ಫೋಟೋ ಅಂತ ಐಸ್ ಹಾಕಿ ಆಟಗಾರ ಗಾರ್ಡಿ ಹೌ ಅವರ ಫೋಟೋ ಕಳಿಸ್ತಾನೆ, ಹೋಟೆಲಿಗೆ ಬಾ ಅಂತಾನೂ ಕರೀತಾನೆ. ಅವಳು ಸಿಂಗಾರ ಮಾಡ್ಕೊಂಡು ಬಂದು ಒಬ್ಬಳೇ ಕಾಯ್ತಾ ಕೂತಿರೋದನ್ನ ನೋಡಿದಾಗ ಹುಡುಗನ ನಗು ಇಳಿದುಹೋಗುತ್ತೆ. ಕೊನೆಗೆ ಮನೆಮಂದಿಯೆಲ್ಲ ಕೂತು, ವುಡ್ರೋ ದೂರ ಹೋಗ್ತಿದಾನೆ ಅಂತ ಒಂದು ಮರ್ಯಾದೆಯ ಪತ್ರ ಬರೀತಾರೆ. ಸತ್ಯ ಎಡ್ನಾಗೆ ಗೊತ್ತಾಗೋದೇ ಇಲ್ಲ. ಇದರಲ್ಲಿ ಎಡ್ನಾಗೆ ಧ್ವನಿ ಕೊಟ್ಟ ಮಾರ್ಸಿಯಾ ವ್ಯಾಲೇಸ್‌ಗೆ ಟಿವಿಯ ಎಮ್ಮಿ ಪ್ರಶಸ್ತಿ ಬಂತು.

ಕಥೆಗಿಂತ ಅದರ ಕೀಲುಗಳನ್ನ ನೋಡಿ. ಪಕ್ಕದ ಪಾತ್ರದ ಮನಸ್ಸಿನೊಳಗೆ ಹೋಗೋ ಬಾಗಿಲು ಮುಖ್ಯ ಮನೆಯ ಮಗು. ಕೆಡಿಸಿದ್ದೂ ಮಗುವೇ, ಕಂಡಿದ್ದೂ ಮಗುವೇ. ಸರಿಮಾಡಿದ್ದು ಇಡೀ ಮನೆ. ಹಾಗಾಗಿ ಕಥೆ ಎಡ್ನಾದಾದರೂ ಎಪಿಸೋಡು ಸಿಂಪ್ಸನ್ ಮನೆಯದಾಗೇ ಉಳೀತು. ಶಿವಣ್ಣನೂ ಟೀಚರೂ ಯಾರ ಕಣ್ಣಿಗೂ ಬೀಳದೆ ಎಲ್ಲೋ ನಿಂತು ಮಾತಾಡ್ಕೊಂಡ್ರೆ ಅದು ಬೇರೆಯೇ ಸೀರಿಯಲ್ಲು. ಪುಟ್ಟಿನೋ ಅಜ್ಜಿನೋ ಪ್ರತಿ ಸೀನಿನಲ್ಲೂ ಒಂದು ಮೂಲೇಲಿ ಇರ್ಲಿ. ಎಂಟನೇ ಸೀಸನ್ನಿನಲ್ಲಿ ಎಡ್ನಾಗೂ ಹೆಡ್‌ಮಾಸ್ಟರ್ ಸ್ಕಿನ್ನರಿಗೂ ಕುದುರಿದಾಗಲೂ (1997) ಅವರ ಚೀಟಿ ಹೊತ್ತು ಓಡಾಡಿದ್ದು ಬಾರ್ಟೇ.

ಇನ್ನೊಂದು ದಾರಿ ಕನ್ನಡಿಯದು. 1996ರ ಡಿಸೆಂಬರಿನ 'ಎ ಮಿಲ್‌ಹೌಸ್ ಡಿವೈಡೆಡ್'ನಲ್ಲಿ ಮಾರ್ಜ್ ಊಟಕ್ಕೆ ಕರೀತಾಳೆ, ಆಟ ಆಡ್ತಾ ಬಾರ್ಟ್‌ನ ಗೆಳೆಯ ಮಿಲ್‌ಹೌಸನ ಅಪ್ಪ ಅಮ್ಮ ಕರ್ಕ್ ಮತ್ತು ಲುವಾನ್ ಎಲ್ಲರ ಮುಂದೆ ಕಿತ್ತಾಡ್ತಾರೆ, ಡೈವೋರ್ಸ್ ಆಗುತ್ತೆ. ಕರ್ಕ್ ಕೆಲಸ ಕಳ್ಕೊಂಡು, ಒಂಟಿ ಗಂಡಸರ ಅಪಾರ್ಟ್‌ಮೆಂಟಿನಲ್ಲಿ ರೇಸ್‌ಕಾರ್ ಆಕಾರದ ಮಂಚದ ಮೇಲೆ ಮಲಗ್ತಾನೆ. ಆ ಮಂಚ ಒಂದೇ ಸಾಕು, ಒಂದು ಪುಟ ಡೈಲಾಗು ಉಳೀತು. ಅದನ್ನೆಲ್ಲ ನೋಡಿ ಹೋಮರಿಗೆ ತನ್ನ ಸಂಸಾರದ ಬಗ್ಗೆ ಭಯ ಹುಟ್ಟುತ್ತೆ, ಕಥೆ ತಿರುಗಿ ಮುಖ್ಯ ಮನೆಗೆ ಬರುತ್ತೆ. ಕೊನೇಲಿ ಅವರಿಬ್ಬರನ್ನ ಒಂದು ಮಾಡಲಿಲ್ಲ. ಮತ್ತೆ ಮದುವೆ ಮಾಡಿಸಿದ್ದು 2007ರಲ್ಲಿ. ಅಂದ್ರೆ ಎಪಿಸೋಡ್ ಮುಗಿಯೋಷ್ಟರಲ್ಲಿ ಎಲ್ಲಾ ಮೊದಲಿನ ಹಾಗೆ ಆಗಲೇಬೇಕು ಅನ್ನೋದು ಕಟ್ಟಳೆಯೇನಲ್ಲ.

ಈಗ ನಿಮ್ಮ ಮೂರನೇ ಪ್ರಶ್ನೆ. ಒಬ್ಬಂಟಿ ಪಾತ್ರಗಳಲ್ಲಿ ಎರಡು ಜಾತಿ. ತನ್ನ ಬಾಯಿಯಿಂದ, ತನ್ನ ಭಯದಿಂದ ಒಂಟಿಯಾದೋನು ಒಬ್ಬ. ವಿಧಿ ಹೊಡೆದು ಒಂಟಿಯಾದೋನು ಇನ್ನೊಬ್ಬ. ಸಿಂಪ್ಸನ್ಸಿನಲ್ಲಿ ಬಾರ್ ನಡೆಸೋ ಮೋ ಮೊದಲನೇ ಜಾತಿ. 1998ರಲ್ಲಿ ಹೂ ಮಾರೋ ರೆನೀ ಸಿಗ್ತಾಳೆ. ಅವಳ ಮೇಲೆ ಸಾಲ ಮಾಡಿ ಸುರಿದು, ಕಾರ್ ಇನ್ಶೂರೆನ್ಸ್ ಮೋಸಕ್ಕೆ ಇಳಿದು, ಹೋಮರನ್ನ ಜೈಲಿಗೆ ಹಾಕಿಸಿ, ಕೊನೆಗೆ ಅವಳನ್ನೂ ಕಳ್ಕೋತಾನೆ. 2009ರಲ್ಲಿ ಮಾಯಾ ಬರ್ತಾಳೆ, ತೀರಾ ಗಿಡ್ಡ ಹೆಂಗಸು. ಅವಳ ಎತ್ತರದ ಮೇಲೆ ಜೋಕು ಹೊಡೆಯೋದನ್ನ ನಿಲ್ಲಿಸಲಾರದೆ ಅವಳನ್ನೂ ಬಿಟ್ಕೋತಾನೆ. (ಹನ್ನೆರಡು ವರ್ಷ ಬಿಟ್ಟು 2021ರಲ್ಲಿ ಅವಳನ್ನ ವಾಪಸ್ ತಂದ್ರು ಅನ್ನೋದು ಬೇರೆ.) ಎರಡು ಸಲವೂ ಕೆಡಿಸಿದ್ದು ಅವನೇ, ಹಾಗಾಗಿ ನಗಬಹುದು.

ಸಿಂಪ್ಸನ್ ಪಕ್ಕದ ಮನೆಯ ನೆಡ್ ಫ್ಲಾಂಡರ್ಸ್ ಎರಡನೇ ಜಾತಿ. ಹೆಂಡತಿ ಮಾಡ್ ಸಾಯೋದು 2000ದ ಫೆಬ್ರವರಿಯಲ್ಲಿ. ರೇಸ್ ಟ್ರ್ಯಾಕಿನಲ್ಲಿ ಟೀ ಶರ್ಟ್ ಎಸೆಯೋ ಫಿರಂಗಿಯ ಏಟು, ಹೋಮರ್ ಕ್ಲಿಪ್ಪು ಹೆಕ್ಕೋಕೆ ಬಗ್ಗಿದ್ದೇ ನೆಪ. ಸಾವು ಅಸಂಬದ್ಧ, ದುಃಖ ಮಾತ್ರ ನಿಜ. ಅಲ್ಲಿ ನಗೆ ಬರೋದು ನೆಡ್ ಮೇಲಿಂದ ಅಲ್ಲ, ಅವನಿಗೆ ಹೆಣ್ಣು ಹುಡುಕೋಕೆ ಹೊರಟು ವಿಡಿಯೋ ಮಾಡೋ ಹೋಮರ್ ಮೇಲಿಂದ.

ಶಿವಣ್ಣನನ್ನ ಮೊದಲನೇ ಸಾಲಿಗೆ ಹಾಕಿ, ಟೀಚರನ್ನ ಎರಡನೇದಕ್ಕೆ. ಟೀಚರ ಗಂಡನ ಸಾವಿನ ಮೇಲೆ ಜೋಕು ಬೇಡ. ಅದರ ಬಗ್ಗೆ ಮಾತಾಡೋಕೆ ಬಾಯಿ ತಡವರಿಸೋ ಊರಿನೋರ ಮೇಲೆ ಎಷ್ಟು ಬೇಕಾದ್ರೂ ಹೊಡೀರಿ.

ಜೋಕು ಸಾಯುತ್ತೆ ಅನ್ನೋದು ನಿಜ, ಶಿವಣ್ಣನ ನಗೆ ಬರೀ ಮದುವೆ ಆಗದೇ ಇರೋದರ ಮೇಲೇ ನಿಂತಿದ್ರೆ. ಅವನಿಗೆ ಇನ್ನೊಂದು ಕುಂದು ಕೊಡಿ. ಜಿಪುಣತನ ಅನ್ನಿ. ಎರಡನೇ ಸಲ ಚಟ್ನಿ ಕೇಳಿದ್ರೆ 5 ರೂಪಾಯಿ ಅಂತ ಬೋರ್ಡ್ ಹಾಕಿರೋನು. ಜೋಡಿಯಾದ ಮೇಲೂ ಜಿಪುಣ ಜಿಪುಣನೇ.

ಹೊತ್ತು: 11 ನಿಮಿಷದಲ್ಲಿ ಇವರಿಗೆ ಎರಡೂವರೆ, ಹೆಚ್ಚಂದ್ರೆ ಮೂರು ನಿಮಿಷ. 40 ಸೆಕೆಂಡಿನ ನಾಲ್ಕು ಸೀನು. ಒಂದು ಸೀನಿಗೆ ಎಂಟು ಡೈಲಾಗು ಮೀರಿದ್ರೆ ಉಸಿರಾಡೋಕೆ ಜಾಗ ಇರಲ್ಲ, ಗಡಿಯಾರ ಇಟ್ಕೊಂಡು ಜೋರಾಗಿ ಓದಿ ನೋಡಿ. ಮತ್ತೆ ಎಲ್ಲಾ ಎಪಿಸೋಡಿನಲ್ಲೂ ಇವರನ್ನ ತರಬೇಡಿ. 2ರಲ್ಲಿ ಒಂದು ಚಿಕ್ಕ ಗುರುತು, 4ರಲ್ಲಿ ಇನ್ನೊಂದು, 6ರಲ್ಲಿ ಊರಿಗೆ ಅನುಮಾನ, 8 ಪೂರ್ತಿ ಇವರದ್ದೇ, 9ರಲ್ಲಿ ಏನೂ ಆಗದಂತೆ ಇರೋದು, 10ರಲ್ಲಿ ತೀರ್ಮಾನ. ಆ 9 ತುಂಬಾ ಮುಖ್ಯ. ಜನ ಕಾಯೋದು ಅಲ್ಲೇ.

ಹನ್ನೆರಡು ಫ್ರೇಮು (ಕೋಲಾರ)

ಕಾಕ ಬರವಣಿಗೆ ಹೇಳಿದ್ರು, ನಾನು ಚಿತ್ರದ ಕಡೆ ಹೇಳ್ತೀನಿ. ಒಬ್ಬಂಟಿ ಸೀನು ಆನಿಮೇಷನ್ನಿಗೆ ಅಗ್ಗ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ, ಒಂದು ಡ್ರಾಯಿಂಗನ್ನ ಎರಡು ಫ್ರೇಮ್ ಹಿಡಿದ್ರೆ ಸೆಕೆಂಡಿಗೆ 12 ಡ್ರಾಯಿಂಗು. ಸುಮ್ಮನೆ ಕೂತೋನಿಗೆ ಅಷ್ಟೂ ಬೇಡ. ಉಳಿಸಿದ್ದನ್ನ ಒಂದೇ ಶಾಟಿಗೆ ಸುರೀರಿ.

ಕಾಕನ ಚಟ್ನಿ ಬೋರ್ಡನ್ನೇ ಇಟ್ಕೊಂಡು ಒಂದು ಸೀನು ಕಟ್ಟೋಣ. ಎಪಿಸೋಡ್ 2ರಲ್ಲಿ ಗುರುತು: ಎಲ್ಲರಿಗೂ ಚಟ್ನಿ ಅಳೆದು ಹಾಕೋ ಶಿವಣ್ಣ ಟೀಚರ ಪಾರ್ಸಲ್ಲಿಗೆ ಮಾತ್ರ ಎರಡು ಚಟ್ನಿ ಕವರ್ ಕಟ್ತಾನೆ. 'ಒಂದೇ ಸಾಕು' ಅಂತಾಳೆ. 'ಇರ್ಲಿ ಬಿಡಿ' ಅಂತಾನೆ. ಕಿವಿ ಕೇಳದ ಅಜ್ಜಿ ಅದನ್ನ ನೋಡಿಬಿಡ್ತಾಳೆ. ಇಷ್ಟೆ. ಎಪಿಸೋಡ್ 6ಕ್ಕೆ ಟೀಚರು ಮೂರು ದಿನದಿಂದ ಬಂದಿಲ್ಲ. ಒಟ್ಟು 38 ಸೆಕೆಂಡು, 912 ಫ್ರೇಮು, ಒಂದೂ ಮಾತಿಲ್ಲ.

ಶಾಟ್ 1, ಐದು ಸೆಕೆಂಡು. ಹೋಟೆಲ್ ಹೊರಗಿನಿಂದ, ಶಟರ್ ಅರ್ಧ ಇಳಿದಿದೆ. ಹಗಲಿನ ಬ್ಯಾಕ್‌ಗ್ರೌಂಡೇ ಸಾಕು, ಮೇಲೆ ಕಡುನೀಲಿ ಲೇಯರ್ ಇಟ್ಟು ಮಲ್ಟಿಪ್ಲೈ ಮಾಡಿ (ಕೆಳಗಿನ ಚಿತ್ರ ಕಪ್ಪಾಗೋ ಹಾಗೆ ಬೆರೆಸಿ), ಒಳಗಿನ ಟ್ಯೂಬ್‌ಲೈಟ್ ಜಾಗ ಮಾತ್ರ ಕೊರೆದು ಬಿಡಿ.

ಶಾಟ್ 2, ಆರು ಸೆಕೆಂಡು. ಕೌಂಟರ್ ಮೇಲೆ ಕಟ್ಟಿಟ್ಟ ಪಾರ್ಸಲ್ಲು, ಪಕ್ಕದಲ್ಲಿ ಎರಡು ಚಟ್ನಿ ಕವರ್. ಸ್ಟಿಲ್ಲು. ಫ್ಯಾನಿನ ನೆರಳಿಗೆ 8 ಡ್ರಾಯಿಂಗು, ಅವೇ ಮತ್ತೆ ಮತ್ತೆ ಸುತ್ತಲಿ.

ಶಾಟ್ 3, ನಾಲ್ಕು ಸೆಕೆಂಡು. ಶಿವಣ್ಣನ ಮುಖ, ರಸ್ತೆ ಕಡೆ. ಒಂದೇ ಒಂದು ಸಲ ಕಣ್ಣು ಮಿಟುಕು: ಅರ್ಧ 2 ಫ್ರೇಮು, ಮುಚ್ಚಿದ್ದು 2, ಅರ್ಧ 2.

ಶಾಟ್ 4, ಮೂರು ಸೆಕೆಂಡು. ಆಟೋದ ಹೆಡ್‌ಲೈಟ್ ಗೋಡೆ ಮೇಲೆ ಹರಿದು ಹೋಗುತ್ತೆ, ನಿಲ್ಲಲ್ಲ.

ಶಾಟ್ 5, ಎಂಟು ಸೆಕೆಂಡು. ಬರೀ ಕೈ. ಪಾರ್ಸಲ್ಲಿನ ದಾರ ಬಿಚ್ತಾನೆ. ದಿನಾ ನೂರಾರು ಕಟ್ಟೋ ಕೈ, ಬಿಚ್ಚೋಕೆ ಅಭ್ಯಾಸ ಇಲ್ಲ, ಗಂಟು ಹುಡುಕುತ್ತೆ. ದುಡ್ಡು, ಕೆಲಸ ಎಲ್ಲಾ ಇಲ್ಲೇ ಹಾಕಿ, 96 ಡ್ರಾಯಿಂಗು ಪೂರ್ತಿ.

ಶಾಟ್ 6, ಏಳು ಸೆಕೆಂಡು. ಬೆನ್ನ ಹಿಂದಿನಿಂದ, ಸ್ಟೂಲ್ ಮೇಲೆ ಕೂತು ತಿನ್ತಿದಾನೆ. ಭುಜದ ಎರಡು ಡ್ರಾಯಿಂಗು ಲೂಪು. ಮುಖ ತೋರಿಸಬೇಡಿ. ತೋರಿಸಿದ್ರೆ ಕಣ್ಣೀರು ಬರೀಬೇಕು ಅನ್ನಿಸುತ್ತೆ, ಬರೆದ್ರೆ ಧಾರಾವಾಹಿ.

ಶಾಟ್ 7, ಐದು ಸೆಕೆಂಡು. ಎರಡನೇ ಚಟ್ನಿ ಕವರನ್ನ ಬಿಚ್ಚದೇ ಫ್ರಿಜ್ಜಿಗಿಡ್ತಾನೆ. ಅಲ್ಲಿ ಆಗಲೇ ಎರಡು ಕವರ್ ಇವೆ.

ಕೊನೇ ಶಾಟಿಗೆ ಅರ್ಧ ಜನ ನಗ್ತಾರೆ, ಅರ್ಧ ಜನ 'ಅಯ್ಯೋ' ಅಂತಾರೆ. ಎರಡೂ ಬೇಕು. ಮರುದಿನದ ಸೀನಿನಲ್ಲಿ ಅಪ್ಪ 'ಏನ್ ಶಿವಣ್ಣ, ಚಟ್ನಿ ಹುಳಿ ಹುಳಿ' ಅಂದ್ರೆ ಜಿಪುಣ ಎಲ್ಲೂ ಹೋಗಿಲ್ಲ ಅಂತಲೂ ಗೊತ್ತಾಗುತ್ತೆ.

ಎಲ್ಲಿ ಕೆಡುತ್ತೆ ಅಂದ್ರೆ: ಚಿತ್ರ ಒಂದೂವರೆ ಸೆಕೆಂಡ್ ಮೀರಿ ಕಲ್ಲಿನ ಹಾಗೆ ನಿಂತ್ರೆ ಮೊಬೈಲಿನಲ್ಲಿ ನೋಡೋರು ನೆಟ್ ನಿಂತೋಯ್ತು ಅಂದ್ಕೊಂಡು ಬೆರಳು ಸರಿಸ್ತಾರೆ. ಸ್ಟಿಲ್ಲಿಗೆಲ್ಲ ನೂರಕ್ಕೆ 3ರಷ್ಟು ನಿಧಾನ ಝೂಮ್ ಕೊಡಿ, ಇಲ್ಲ ಅದೇ ಚಿತ್ರವನ್ನ ಎರಡು ಸಲ ತಿದ್ದಿ ಗೆರೆ ನಡುಗಿಸಿ. ಶಬ್ದವೂ ಅಷ್ಟೆ. ಫ್ರಿಜ್ಜಿನ ಗುಂಯ್ ಅನ್ನೋ ಸದ್ದು ಹೆಡ್‌ಫೋನಿನಲ್ಲಿ ಚೆಂದ, ಫೋನಿನ ಸ್ಪೀಕರ್ ಅಷ್ಟು ಕೆಳಗಿನ ಸ್ವರ ಎತ್ತೋದೇ ಇಲ್ಲ, ಮೌನ ಅಂದ್ರೆ ಆಡಿಯೋ ಹೋಯ್ತು ಅನ್ನಿಸುತ್ತೆ. ಜೀರುಂಡೆ, ದೂರದ ಹೈವೇ ಹಾರ್ನು, ತಟ್ಟೆ ತೊಳೆಯೋ ಸದ್ದು ಸೇರಿಸಿ. ಸಂಗೀತ ಬೇಡ್ರಪ್ಪಾ. ಕೊಳಲು ಶುರುವಾದ ಕ್ಷಣ ಸೀನು ಮುಗೀತು.

ತುಟಿ ಚಲನೆಗೆ ರೂಬಾರ್ಬ್ ಅನ್ನೋ ಸಾಫ್ಟ್‌ವೇರ್ ಬಳಸೋದಾದ್ರೆ ಅದರ ಡೀಫಾಲ್ಟ್ ಇಂಗ್ಲಿಷಿಗೆ ಇರೋದು. ಭಾಷೆ ನೋಡದೆ ಬರೀ ಧ್ವನಿ ಗುರುತಿಸೋ ಫೊನೆಟಿಕ್ ರೆಕಗ್ನೈಸರ್ ಅನ್ನೋದಕ್ಕೆ ಬದಲಾಯಿಸಿಕೊಂಡ್ರೆ ಕನ್ನಡಕ್ಕೂ ನಡೆಯುತ್ತೆ. ಬಾಯಿಯ ಆಕಾರ ಮೂಲ ಆರು, ಬೇಕಾದ್ರೆ ಇನ್ನು ಮೂರು. ಪ, ಬ, ಮ ಬಂದ ಕಡೆ ತುಟಿ ಕನಿಷ್ಠ 2 ಫ್ರೇಮ್ ಮುಚ್ಚಿದೆಯಾ ಅಂತ ಕೈಯಲ್ಲೇ ನೋಡಿ. 'ಅಮ್ಮ' ಅನ್ನುವಾಗ ತುಟಿ ಸೇರದಿದ್ರೆ ಡಬ್ಬಿಂಗ್ ಪಿಚ್ಚರ್ ಥರ ಕಾಣುತ್ತೆ.

ಗುಬ್ಬಿ ಗೇಟ್ ಗೌಡ್ತಿ (ತುಮಕೂರು)

ಇಬ್ಬರೂ ಚೆನ್ನಾಗಿ ಹೇಳಿದ್ರಿ. ಆದ್ರೆ ಬೋರ್ಡು ಅವರೇ, ಬೇರೆ ಎಲ್ಲಾ ಬಿಟ್ಟು ಒಂದು ಹೇಳಿ. ನಿಮ್ಮ ಡ್ರಾಫ್ಟಿನಲ್ಲಿ ಶಿವಣ್ಣ ಟೀಚರನ್ನ ಏನಂತ ಕರೀತಾನೆ? ನಮ್ಮ ಕಡೆ ಹೋಟೆಲಿನೋನು ಅಂದ್ರೆ ಬಾಯಿಗೆ ಮೊದಲು ಬರೋದೇ 'ಏನ್ ಕೊಡ್ಲಿ ಅಕ್ಕ'. ಐದು ಎಪಿಸೋಡ್ ಅಕ್ಕ ಅಕ್ಕ ಅಂದು ಆರನೇದರಲ್ಲಿ ಚಟ್ನಿ ಕವರ್ ಹಿಡ್ಕೊಂಡು ಕೂತ್ರೆ ಕಾಮೆಂಟಿನಲ್ಲಿ ಉಗೀತಾರೆ, ನ್ಯಾಯವಾಗಿಯೇ. ಇಂಗ್ಲಿಷ್ ಸೀರೀಸಿಗೆ ಈ ಕಂಟಕ ಇಲ್ಲ, ಮೋ ಯಾರನ್ನ ಹೆಸರು ಹಿಡಿದು ಕರೆದ್ರೂ ನಡೀತದೆ. ನಮ್ಮಲ್ಲಿ ಕರೆಯೋ ಪದದಲ್ಲೇ ಅರ್ಧ ಸಂಬಂಧ ಇದೆ.

ಅದನ್ನೇ ಕಥೆ ಮಾಡ್ಕೊಳ್ಳಿ. ಅವನು ಊರಿನ ಹೆಂಗಸರನ್ನೆಲ್ಲ ಅಕ್ಕ ಅಂತಾನೆ, ಅವಳೊಬ್ಬಳನ್ನ ಮಾತ್ರ 'ಟೀಚರಮ್ಮ'. ಎಪಿಸೋಡ್ 4ಕ್ಕೆ ಬರೀ 'ಟೀಚರ್'. 6ರ ಹೊತ್ತಿಗೆ ಯಾವ ಹೆಸರೂ ಬಾಯಿಗೆ ಬರ್ತಿಲ್ಲ, 'ನೋಡಿ...', 'ಅದೇ... ಇವ್ರೇ...' ಅಂತ ತಡವರಿಸ್ತಾನೆ. ಅಜ್ಜಿಗೆ ಕಿವಿ ಕೇಳದಿದ್ರೂ ಈ ತಡವರಿಕೆ ಕಾಣ್ಲಿ.

ಇನ್ನು ಅವಳ ಕಡೆಯದು ಇದಕ್ಕಿಂತ ದೊಡ್ಡ ತಮಾಷೆ, ನೀವು ಗಮನಿಸಿಲ್ಲ ಅನ್ಸುತ್ತೆ. ನಿಮ್ಮ ನಾಯಕನ ಹೆಸರಿನಲ್ಲೇ 'ಅಣ್ಣ' ಇದೆಯಲ್ಲ! ಅವಳು 'ಶಿವಣ್ಣ' ಅಂದಾಗಲೆಲ್ಲ ಅವನನ್ನ ಅಣ್ಣ ಮಾಡ್ತಿದಾಳೆ. ಹೆಸರು ಬದಲಾಯಿಸಬೇಡಿ, ಇಟ್ಕೊಳ್ಳಿ. ಎಪಿಸೋಡ್ 1ರಿಂದಲೇ ಹೋಟೆಲ್ ಗೋಡೆ ಮೇಲೆ, ದೇವರ ಫೋಟೋ ಪಕ್ಕ, ಲೈಸೆನ್ಸಿನ ಫ್ರೇಮು ತೂಗುಹಾಕಿ. ಅದರಲ್ಲಿ 'ಶಿವಶಂಕರಯ್ಯ' ಅಂತ ಓದೋ ಹಾಗೆ ಬರೆದಿರ್ಲಿ. ಯಾರೂ ಆ ಹೆಸರನ್ನ ಏಳು ಎಪಿಸೋಡ್ ಉಚ್ಚರಿಸಬಾರದು. 8ರಲ್ಲಿ ಅವಳು ಪಾರ್ಸಲ್ಲಿಗೆ ಕಾಯ್ತಾ ಗೋಡೆ ನೋಡಿ, 'ಶಿವಶಂಕರಯ್ಯನವರೇ, ಇವತ್ತು ಒಂದೇ ಚಟ್ನಿ ಹಾಕ್ಬೇಡಿ' ಅನ್ಲಿ. ಸೌಟು ಕೈಯಲ್ಲೇ ನಿಲ್ಲುತ್ತೆ. ಇದಕ್ಕಿಂತ ಜಾಸ್ತಿ ಪ್ರೇಮ ನಿವೇದನೆ ತುಮಕೂರಲ್ಲಿ ಬೇಕಾಗಿಲ್ಲ.

ನೀವು, ನೀನು ವಿಚಾರ: 44, 47ರ ವಯಸ್ಸಿನೋರು ಕೊನೇವರೆಗೂ 'ನೀವು'ನಲ್ಲೇ ಇರ್ಲಿ. 'ನೀನು'ಗೆ ಇಳಿಸಿದ್ರೆ ಕಾಲೇಜ್ ಪಿಚ್ಚರ್ ಆಗುತ್ತೆ. ಮುಚ್ಚಿಡಬೇಕಾದ ಅಸ್ತ್ರ 'ರೀ'. ಬಸ್ಸಿನಲ್ಲಿ ಚಿಲ್ಲರೆ ಕೇಳುವಾಗಲೂ ರೀ, ಗಂಡನನ್ನ ಕರೆಯುವಾಗಲೂ ರೀ, ವ್ಯತ್ಯಾಸ ಎಳೆತದಲ್ಲಿ. 10ರಲ್ಲಿ ಅವಳು ಒಂದೇ ಸಲ, ಬಾಯಿತಪ್ಪಿ, 'ರೀ, ಗ್ಯಾಸ್ ಉರೀತಿದೆ' ಅನ್ನೋದು ಸಾಕು. ಧ್ವನಿ ಕೊಡೋರಿಂದ ಕನಿಷ್ಠ ಐದು ಟೇಕ್ ತಗೊಳ್ಳಿ, ಚಿಕ್ಕ ರೀ, ಉದ್ದ ರೀ, ಅರ್ಧಕ್ಕೆ ನುಂಗಿದ ರೀ. ಆಯ್ಕೆ ಎಡಿಟಿಂಗಿನಲ್ಲಿ.

ಸ್ಕ್ರಿಪ್ಟಿನಲ್ಲಿ 'ಒಂಟಿತನ' ಅನ್ನೋ ಪದ ಎಲ್ಲಿದೆ ಹುಡುಕಿ, ಅಷ್ಟನ್ನೂ ಅಳಿಸಿ. ಜನ ಹಾಗೆ ಮಾತಾಡಲ್ಲ. 'ಒಬ್ಬಳಿಗೆ ಏನಂತ ಅಡುಗೆ ಮಾಡ್ಕೊಳ್ಳೋದು' ಅಂತಾರೆ. 'ಭಾನುವಾರ ಬಂದ್ರೆ ಹೊತ್ತೇ ಹೋಗಲ್ಲ' ಅಂತಾರೆ. ಗಂಡಸರಾದ್ರೆ ಅಷ್ಟೂ ಹೇಳಲ್ಲ, ಅಂಗಡಿ ಮುಚ್ಚೋದನ್ನ ಅರ್ಧ ಗಂಟೆ ತಡ ಮಾಡ್ತಾರೆ.

ಪಕ್ಕದ ಪಾತ್ರ ಅಂತ ಅಂಜಬೇಡಿ ಸುಮ್ನೆ. ನಮ್ಮ ಗುಬ್ಬಿ ವೀರಣ್ಣನವರು ಸದಾರಮೆ ನಾಟಕದಲ್ಲಿ ಹೆಸರು ಮಾಡಿದ್ದು ಕಳ್ಳನ ಪಾತ್ರದಲ್ಲಿ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಮಂಜನ ಬಗ್ಗೆ ಯಾರೂ ಮಾತಾಡಿಲ್ಲ, ಅದೂ ಒಂಥರಾ ಸರಿಯಾಗೇ ಇದೆ.

ಹೆಣ್ಣು ಸಿಗದ ಹುಡುಗ ಅನ್ನೋ ಜೋಕು ಈಗ ಸವೆದು ಹೋಗಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಗಂಡುಮಕ್ಕಳು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದ್ರು. ಅಷ್ಟು ನಿಜ ಆಗಿರೋದನ್ನ ಬರೀ ಗೇಲಿಗೆ ಬಳಸಿದ್ರೆ ನೋಡೋರಲ್ಲಿ ಕಾಲು ಭಾಗ ಮಂಜನೇ ಇರ್ತಾನೆ. 'ಕಿಂಗ್ ಆಫ್ ದ ಹಿಲ್' ಅನ್ನೋ ಅಮೆರಿಕದ ಆನಿಮೇಷನ್ ಸೀರೀಸಿನ ಬಿಲ್ ನೋಡಿ, ಮೊದಲ ಸುತ್ತು 1997ರಿಂದ 2010ರವರೆಗೆ. ಸೈನ್ಯದಲ್ಲಿ ಕ್ಷೌರಿಕ, ಹೆಂಡತಿ ಲೆನೋರ್ ಬಿಟ್ಟು ಹೋಗಿದಾಳೆ, ಮೈಗೆ ಬೊಜ್ಜು, ಮನೆ ಗಲೀಜು. ಅವನಿಗೆ ಆಗಬಾರದ್ದೆಲ್ಲ ಆಗುತ್ತೆ. ಆದ್ರೂ ನೋಡೋಕೆ ಹಿಂಸೆ ಅನ್ನಿಸದೇ ಇರೋದಕ್ಕೆ ಕಾರಣ ಆ ಹಿತ್ತಿಲ ಓಣಿ. ಬೇಲಿಗೆ ಒರಗಿ ಬಿಯರ್ ಹಿಡ್ಕೊಂಡು ನಾಲ್ಕು ಜನ ನಿಂತಿರ್ತಾರೆ, ಅವನಿಗೆ ಅಲ್ಲಿ ಒಂದು ಜಾಗ ಇದೆ, ಅವನು ಬರದಿದ್ರೆ ಆ ಜಾಗ ಖಾಲಿ ಕಾಣುತ್ತೆ. ಮಂಜನಿಗೂ ನಿಂತ್ಕೊಳ್ಳೋಕೆ ಒಂದು ಜಾಗ ಬರೀರಿ. ಟೀ ಅಂಗಡಿ ಮುಂದೆ ಅಪ್ಪನ ಎಡಕ್ಕೆ, ಪ್ರತಿ ಎಪಿಸೋಡಿನಲ್ಲೂ ಅದೇ ಜಾಗ, ಅದೇ ಲೇಔಟು. ಅವನಿಗೆ ಈ ಸೀಸನ್ನಿನಲ್ಲಿ ಹೆಣ್ಣು ಹುಡುಕಬೇಡಿ. ಶಿವಣ್ಣನ ಕಥೆಯ ಎದುರು ಇನ್ನೊಂದು ಜೋಡಿ ಕಟ್ಟಿದ್ರೆ ಎರಡೂ ತೆಳ್ಳಗಾಗ್ತವೆ.

ಬಟವಾಡಿ ಬೋರ್ಡು (ತುಮಕೂರು)

'ಅಕ್ಕ' ಹುಡುಕಿದ್ವಿ, ಹನ್ನೊಂದು ಕಡೆ ಇತ್ತು. ಎಲ್ಲಾ ತೆಗೆದಾಯ್ತು. ಲೈಸೆನ್ಸ್ ಫ್ರೇಮೂ ಬ್ಯಾಕ್‌ಗ್ರೌಂಡಿಗೆ ಸೇರ್ತು.

ಇನ್ನೆರಡು ಕೇಳ್ಲಾ? 10ನೇದನ್ನ ಮದುವೆಯಲ್ಲಿ ಮುಗಿಸೋದಾ ಬೇಡ್ವಾ? ಇಬ್ಬರ ಜಾತಿ ಬೇರೆ ಅಂತ ಇಟ್ಟಿದೀವಿ, ಆದ್ರೆ ಬಾಯಿಬಿಟ್ಟು ಹೇಳಿಲ್ಲ. ಎರಡನೇದು, ಟೀಚರಿಗೆ ಧ್ವನಿ ಕೊಡೋರು ಮುಂದಿನ ಸೀಸನ್ನಿಗೆ ಸಿಗ್ತಾರೋ ಇಲ್ವೋ ಅನ್ನೋ ಅನುಮಾನ ಇದೆ.

ಕಾರ್ಟೂನ್ ಕಾಕ (ಚಿಂತಾಮಣಿ)

ಎರಡನೇದನ್ನ ಹಗುರವಾಗಿ ತಗೋಬೇಡಿ. ಮಾಡ್ ಫ್ಲಾಂಡರ್ಸ್ ಪಾತ್ರ ಹೋಗಿದ್ದರ ಹಿಂದೆ ಇದ್ದಿದ್ದು ಅದೇ. ಧ್ವನಿ ಕೊಡ್ತಿದ್ದ ಮ್ಯಾಗಿ ರಾಸ್ವೆಲ್ 1999ರಲ್ಲಿ ಸಂಬಳದ ತಕರಾರಿನಲ್ಲಿ ಬಿಟ್ಟರು, ಮರುವರ್ಷ ಪಾತ್ರವನ್ನ ಸಾಯಿಸಿದ್ರು. ಆಮೇಲೆ ಎಷ್ಟೋ ವರ್ಷಕ್ಕೆ ನೆಡ್ಡನ್ನ ಎಡ್ನಾ ಜೊತೆ ಸೇರಿಸಿದ್ರು, 2011ರ ಮೇನಲ್ಲಿ. ಇವರು ಜೊತೆಗಿರಬೇಕಾ ಬೇಡ್ವಾ ಅಂತ ಪ್ರೇಕ್ಷಕರ ಓಟಿಗೇ ಹಾಕಿದ್ರು, ಇರ್ಲಿ ಅಂತ ಬಂತು. ಎರಡು ವರ್ಷ ಕಳೀತು, 2013ರ ಅಕ್ಟೋಬರಿನಲ್ಲಿ ಮಾರ್ಸಿಯಾ ವ್ಯಾಲೇಸ್ ತೀರ್ಕೊಂಡ್ರು. ಬೇರೆಯವರಿಂದ ಧ್ವನಿ ಕೊಡಿಸದೆ ಪಾತ್ರವನ್ನೇ ನಿಲ್ಲಿಸಿದ್ರು. ಮುಂದಿನ ವರ್ಷ ಒಂದು ಎಪಿಸೋಡಿನ ಕೊನೇಲಿ ನೆಡ್ ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು, ಎಡ್ನಾ ಜೊತೆ ಕುಣಿದಿದ್ದನ್ನ ನೆನೆಸ್ಕೋತಾನೆ. ಯಾವಾಗಲೂ ಹಾ ಹಾ ಅಂತ ಆಡ್ಕೊಳ್ಳೋ ನೆಲ್ಸನ್ ಕಿಟಕಿ ಆಚೆ ನಿಂತು ಆಡ್ಕೊಂಡು, ತನಗೂ ಅವಳ ನೆನಪಾಗುತ್ತೆ ಅಂತಾನೆ. ಅರ್ಧ ನಿಮಿಷವೂ ಇಲ್ಲ.

ನೀವು ಈಗಲೇ ಮಾಡಬೇಕಾದ್ದು: ಟೀಚರ ಧ್ವನಿಯಲ್ಲಿ ಬಿಡಿ ಮಾತುಗಳನ್ನ ರೆಕಾರ್ಡ್ ಮಾಡಿ ಇಟ್ಕೊಳ್ಳಿ. 'ಹೂಂ', 'ಬಂದೆ', 'ಅಯ್ಯೋ', 'ಊಟ ಆಯ್ತಾ', ನಗು, ಕೆಮ್ಮು, ಒಂದು ನಲವತ್ತು. ಅವರ ಒಪ್ಪಿಗೆ ಬರವಣಿಗೆಯಲ್ಲಿ ತಗೊಂಡು. ಮುಂದಿನ ಸೀಸನ್ನಿನಲ್ಲಿ ಅವಳು ಅಡುಗೆಮನೆ ಒಳಗಿಂದ 'ಬಂದೆ' ಅಂದ್ರೂ ಮನೇಲಿ ಇದಾಳೆ ಅಂತ ಆಗುತ್ತೆ.

ಗುಬ್ಬಿ ಗೇಟ್ ಗೌಡ್ತಿ (ತುಮಕೂರು)

ಮದುವೆ ತೋರಿಸಬೇಡಿ, ನೋಟಿಸ್ ತೋರಿಸಿ. ಜಾತಿ ಬೇರೆ ಅಂತೀರಿ, ಹಾಗಿದ್ರೆ ವಿಶೇಷ ವಿವಾಹ ಕಾಯ್ದೆ, 1954ರದ್ದು, ನಿಮಗೋಸ್ಕರವೇ ಬರೆದ ಸ್ಕ್ರಿಪ್ಟಿನ ಹಾಗಿದೆ. ಇಬ್ಬರಲ್ಲೊಬ್ಬರು ಕನಿಷ್ಠ 30 ದಿನದಿಂದ ಆ ಜಿಲ್ಲೆಯಲ್ಲಿ ವಾಸ ಇರಬೇಕು. ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು, ಅದನ್ನ ಆಫೀಸಿನಲ್ಲಿ ಎಲ್ಲರಿಗೂ ಕಾಣೋ ಜಾಗದಲ್ಲಿ ಅಂಟಿಸ್ತಾರೆ, 30 ದಿನ ಆಕ್ಷೇಪಣೆಗೆ ಕಾಯಬೇಕು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ರೆ ಮತ್ತೆ ಮೊದಲಿಂದ. ವಯಸ್ಸಿನ ದಾಖಲೆ, ವಿಳಾಸದ್ದು, ಫೋಟೋ, ಟೀಚರಿಗೆ ಗಂಡನ ಮರಣ ಪ್ರಮಾಣಪತ್ರ. ಇವೆಲ್ಲದರ ಜೆರಾಕ್ಸ್ ಬೇಕು.

ಜೆರಾಕ್ಸ್ ಅಂಗಡಿ ಯಾರದು?

ಊರಲ್ಲಿ ಮೊದಲು ಗೊತ್ತಾಗೋದು ಮಂಜನಿಗೆ. ಒಂದು ಶಾಟು: ಗಾಜಿನ ಮೇಲೆ ಮರಣ ಪ್ರಮಾಣಪತ್ರ ಬೋರಲು ಹಾಕ್ತಾನೆ, ಹಸಿರು ಬೆಳಕು ಹರಿಯುತ್ತೆ, ಆಮೇಲೆ ಶಿವಶಂಕರಯ್ಯನ ಆಧಾರ್ ಕಾರ್ಡು, ಮತ್ತೆ ಅದೇ ಬೆಳಕು. ಎರಡು ಕಾಗದ ಒಂದೇ ಟ್ರೇಗೆ ಬೀಳ್ತವೆ. ಬಾಯಿಬಡುಕ ಮಂಜ ಒಂದು ಎಪಿಸೋಡ್ ಪೂರ್ತಿ ಬಾಯಿ ಬಿಡದೇ ಒದ್ದಾಡೋದು ನಿಮ್ಮ 9ನೇದು. ಕಾಕ ಕೇಳಿದ 'ಏನೂ ಆಗದಂತೆ ಇರೋದು' ಅದೇ. 'ಯಾವ ಜನ' ಅಂತ ಊರಲ್ಲಿ ಒಬ್ಬರಾದ್ರೂ ಕೇಳಲೇಬೇಕು, ಕೇಳದಿದ್ರೆ ಸುಳ್ಳು. ಅಜ್ಜಿ ಕೈಲಿ ಕೇಳಿಸಿ, ಉತ್ತರ ಅಜ್ಜಿಗೆ ಕೇಳಿಸದೇ ಇರ್ಲಿ, 'ಎಷ್ಟು ಜನ ಅಂದ್ಯಾ? ಇಬ್ಬರೇ ತಾನೇ' ಅನ್ಲಿ.

10ಕ್ಕೆ ಮೂವರು ಸಾಕ್ಷಿ ಬೇಕು. ಅಪ್ಪ ಒಬ್ಬ, ಅಮ್ಮ ಒಬ್ಬಳು. ಪುಟ್ಟಿ ಚಿಕ್ಕೋಳು, ಆಗಲ್ಲ. ಅಜ್ಜಿ ಹೆಬ್ಬೆಟ್ಟು ಒತ್ತೋಕೆ ಸಿದ್ಧ ಇದಾಳೆ, ಆದ್ರೆ ಆಧಾರ್ ಮನೇಲಿ ಬಿಟ್ಟು ಬಂದಿದಾಳೆ.

ಬಟವಾಡಿ ಬೋರ್ಡು (ತುಮಕೂರು)

ಮಂಜನಿಗೆ ಒಂದು ಇಸ್ತ್ರಿ ಮಾಡಿದ ಶರ್ಟಿನ ಮಾಡೆಲ್ ಶೀಟ್ (ಪಾತ್ರದ ಮಾದರಿ ಚಿತ್ರ) ಬರೆಯೋಕೆ ಕೂತ್ವಿ. ಜೇಬಲ್ಲಿ ಎರಡು ಪೆನ್ನು.